ದೂರದವರ ದುಃಖ, ಊರಿನವರ ಕರ್ತವ್ಯ

ಪಟ್ಟಣವಾಸಿಗಳಾದ ನಮ್ಮಲ್ಲಿ ಒಂದು ರೂಢಿ ಬೇರೂರಿಬಿಟ್ಟಿದೆ. ದೂರದೇಶದಲ್ಲಿ ಭೂಕಂಪವೋ ಕ್ಷಾಮವೋ ಯುದ್ಧವೋ ಒದಗಿತೆಂಬ ವಾರ್ತೆ ಬಂದೊಡನೆ ಒಂದು ಸಭೆ ಸೇರುತ್ತದೆ. ಊರಿನ ಗಣ್ಯರೊಬ್ಬರು ಅಧ್ಯಕ್ಷಸ್ಥಾನವನ್ನು ಅಲಂಕರಿಸುತ್ತಾರೆ. ಸಂತ್ರಸ್ತರ ವಿಷಯದಲ್ಲಿ ಅನುಕಂಪವನ್ನು ಸೂಚಿಸುವ ಠರಾವು ಸರ್ವಾನುಮತದಿಂದ ಸ್ವೀಕೃತವಾಗುತ್ತದೆ. ಎರಡು ನಿಮಿಷಗಳ ಮೌನ, ವಂದನಾರ್ಪಣೆ, ಒಂದು ಭಾವಚಿತ್ರ. ಅಲ್ಲಿಗೆ ಕಾರ್ಯ ಸಮಾಪ್ತಿ. ಮನೆಗೆ ಹಿಂದಿರುಗುವವರ ಮನಸ್ಸು ಹಗುರವಾಗಿರುತ್ತದೆ. ಆದರೆ ಯಾರ ಸಲುವಾಗಿ ಸಭೆ ಸೇರಿತೋ ಅವರ ಬಾಯಿಗೆ ಒಂದು ತುತ್ತೂ ಬಿದ್ದಿರುವುದಿಲ್ಲ. ಇದನ್ನು ಸಹಾನುಭೂತಿಯೆಂದು ಕರೆಯುವುದಾದರೆ ಕರೆಯಬಹುದು. ಸಹಾಯವೆಂದು ಮಾತ್ರ ಕರೆಯಲಾಗದು. ಇವೆರಡರ ನಡುವಣ ಅಂತರವನ್ನು ಒಂದು ಊರು ಹೇಗೆ ದಾಟಬಹುದೆಂಬುದೇ ಇಂದು ನಾವು ವಿಚಾರಕ್ಕೆ ತೆಗೆದುಕೊಂಡಿರುವ ವಿಷಯ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಆಫ್ರಿಕಾ ಖಂಡದ ಸುಡಾನ್ ದೇಶದಲ್ಲಿ 2023ರ ಏಪ್ರಿಲ್ 15ರಂದು ಸರಕಾರಿ ಸೈನ್ಯಕ್ಕೂ, ಅದರೊಡನೆಯೇ ಅಧಿಕಾರವನ್ನು ಹಂಚಿಕೊಂಡಿದ್ದ ಅರೆಸೈನಿಕ ದಳಕ್ಕೂ ಕಾಳಗ ಹತ್ತಿತು. ಕೆಲವೇ ದಿನಗಳಲ್ಲಿ ಎಲ್ ಫಾಶೇರ್ ಎಂಬ ಊರಿನ ಹೆಸರು ಕನ್ನಡ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸತೊಡಗಿತು. ಪಶ್ಚಿಮ ಸುಡಾನಿನ ಡಾರ್ಫರ್ ಸೀಮೆಯ ಆ ಪಟ್ಟಣದಲ್ಲಿ ನಮ್ಮ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನರು ಸಿಕ್ಕಿಬಿದ್ದಿದ್ದರು. ಗಿಡಮೂಲಿಕೆಯ ಔಷಧಿಗಳನ್ನು ಮಾರಿ ಹೊಟ್ಟೆ ಹೊರೆಯಲು ಅಷ್ಟು ದೂರ ಹೋದವರು ಅವರು. ಗುಂಡಿನ ಸದ್ದಿನ ನಡುವೆ ಅನ್ನನೀರಿಗೆ ಪರದಾಡುತ್ತ ಅವರು ಕಳುಹಿಸಿದ ಮೊರೆ ನಾಡಿನ ಮನೆಮನೆಗೂ ಮುಟ್ಟಿತು. ಭಾರತ ಸರಕಾರವು ‘ಆಪರೇಷನ್ ಕಾವೇರಿ’ ಎಂಬ ಹೆಸರಿನಿಂದ ನಡೆಸಿದ ಕಾರ್ಯದಲ್ಲಿ ಸುಡಾನಿನಿಂದ 3,800ಕ್ಕೂ ಹೆಚ್ಚು ಜನರನ್ನು ಹಡಗು ವಿಮಾನಗಳ ಮೂಲಕ ಪಾರುಮಾಡಿ ತಂದಿತು. ನಮ್ಮವರು ಮನೆ ಸೇರಿದರು. ನಾಡು ನೆಮ್ಮದಿಯ ಉಸಿರು ಬಿಟ್ಟಿತು. ಎಲ್ ಫಾಶೇರಿನ ಹೆಸರು ಪತ್ರಿಕೆಗಳಿಂದ ಮರೆಯಾಯಿತು.

ನಮ್ಮವರು ಬಿಟ್ಟುಬಂದ ಆ ಊರಿನ ಗತಿ ಏನಾಯಿತೆಂಬುದನ್ನು ಕೇಳಿದವರು ಕಡಿಮೆ. ನಮ್ಮವರಿಂದ ಮೂಲಿಕೆ ಕೊಂಡವರು, ಅವರಿಗೆ ಬಾಡಿಗೆಗೆ ಮನೆ ಕೊಟ್ಟವರು ಅಲ್ಲಿಯೇ ಉಳಿದರಷ್ಟೆ. 2024ರ ಮೇ ತಿಂಗಳಿನಲ್ಲಿ ಅರೆಸೈನಿಕ ದಳವು ಆ ಊರಿಗೆ ಮುತ್ತಿಗೆ ಹಾಕಿತು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಊರಿನ ಬಳಿಯ ಜಮ್‌ಜಮ್ ಎಂಬ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ನೆಲಸಿದೆಯೆಂದು ಅಂತರರಾಷ್ಟ್ರೀಯ ತಜ್ಞರ ಮಂಡಲಿ ನಿರ್ಣಯಿಸಿತು. ‘ಕ್ಷಾಮ’ವೆಂಬ ಶಬ್ದವನ್ನು ಆ ಮಂಡಲಿ ಸುಲಭವಾಗಿ ಬಳಸುವುದಿಲ್ಲ; ಹಸಿವಿನಿಂದಲೂ ಅದರ ಬೆನ್ನಿಗೆ ಬರುವ ರೋಗಗಳಿಂದಲೂ ಸಾಯುವವರ ಪ್ರಮಾಣ ಗೊತ್ತಾದ ಮಿತಿಯನ್ನು ಮುಟ್ಟಿದಾಗಲೇ ಆ ಶಬ್ದ ಹೊರಡುವುದು. ಒಂದೂವರೆ ವರ್ಷದ ಮುತ್ತಿಗೆಯ ಬಳಿಕ 2025ರ ಅಕ್ಟೋಬರ್ ತಿಂಗಳಿನಲ್ಲಿ ಎಲ್ ಫಾಶೇರ್ ಬಿದ್ದಿತು. ಬಿದ್ದ ಊರಿನಲ್ಲಿ ಸಾಮೂಹಿಕ ಹತ್ಯೆಗಳು ನಡೆದವು. ಈ ಯುದ್ಧದಿಂದ ದೇಶದಾದ್ಯಂತ ಮನೆಮಠ ಕಳೆದುಕೊಂಡವರ ಸಂಖ್ಯೆ ಒಂದು ಕೋಟಿಯನ್ನು ಮೀರಿತು. ಮೂರು ವರ್ಷ ಮುಂಚೆ ನಮಗೆ ಬಾಯಿಪಾಠವಾಗಿದ್ದ ಊರಿನ ಹೆಸರು ಇದು. ಅದರ ವಿನಾಶದ ವಾರ್ತೆ ನಮ್ಮಲ್ಲಿ ಒಳಪುಟದ ಒಂದು ಮೂಲೆಯನ್ನು ಹಿಡಿಯಿತು.

ಇಂಥ ಮಾತನ್ನು ಆಡಿದ ಕೂಡಲೇ ಒಂದು ಆಕ್ಷೇಪಣೆ ಸಿದ್ಧವಾಗಿರುತ್ತದೆ. “ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ನೀವು ಕೇಳಿಲ್ಲವೇ? ನಮ್ಮ ರೈತನ ಸಾಲ ತೀರಿದೆಯೇ? ನಮ್ಮ ಶಾಲೆಗಳ ಮಾಡು ಸೋರುವುದು ನಿಂತಿದೆಯೇ? ಹತ್ತಿರದವರ ಕಣ್ಣೀರನ್ನು ಒರೆಸಲಾರದವರು ಸಮುದ್ರದಾಚೆಯವರ ಕಣ್ಣೀರನ್ನು ಒರೆಸಲು ಹೊರಡುವುದು ಆಡಂಬರವಲ್ಲವೇ?” ಈ ಆಕ್ಷೇಪಣೆಯನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಪ್ರಾಮಾಣಿಕರೂ ಇದನ್ನು ಮುಂದಿಡುತ್ತಾರೆ. ಆದರೆ ನಮ್ಮ ಅನುಭವದಲ್ಲಿ ಕಂಡ ಸಂಗತಿಯೊಂದನ್ನು ಹೇಳುವುದು ನಮ್ಮ ಕರ್ತವ್ಯ. ಊರಿನ ಕೆರೆಯ ಹೂಳೆತ್ತಲು ವಂತಿಗೆ ಕೇಳಿದಾಗ ಕೈ ಮುಂದೆ ಮಾಡುವವರೇ ದೂರದ ಕಷ್ಟಕ್ಕೂ ಕೈ ಮುಂದೆ ಮಾಡುತ್ತಾರೆ. ದೂರದವರಿಗೆ ಕೊಡಲೊಲ್ಲದವರು ಹತ್ತಿರದವರಿಗೆ ಕೊಟ್ಟುದನ್ನು ನಾವು ಕಂಡುದು ಅಪೂರ್ವ. ಕೊಡುವ ಕೈಗೆ ದೂರ ಹತ್ತಿರಗಳ ಭೇದ ಅಷ್ಟಾಗಿ ತಿಳಿಯದು. ಮುಚ್ಚಿದ ಮುಷ್ಟಿಗೆ ಮಾತ್ರ ಎರಡು ಕಡೆಗೂ ನೆಪ ದೊರೆಯುತ್ತದೆ.

ಇದಕ್ಕೂ ಮಿಗಿಲಾದ ಉತ್ತರವೊಂದು ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದೆ. ನಾವೂ ಒಮ್ಮೆ ದೂರದವರಾಗಿದ್ದೆವು. ಹಿರಿಯರು ಧಾತು ಈಶ್ವರದ ಬರವೆಂದು ಕರೆಯುತ್ತಿದ್ದ 1876-78ರ ಮಹಾಕ್ಷಾಮವು ಮೈಸೂರು ಸೀಮೆ, ಬಳ್ಳಾರಿ, ಧಾರವಾಡ, ವಿಜಾಪುರಗಳನ್ನು ಹಾಳುಗೆಡವಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದಷ್ಟಕ್ಕೆ ಇಳಿಯಿತೆಂದರೆ ಆ ಅನಾಹುತವನ್ನು ವರ್ಣಿಸಲು ಬೇರೆ ಮಾತು ಬೇಕಾಗಿಲ್ಲ. ಆಗಿನ ಸರಕಾರ ಮಾಡಿದುದೇನು? 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಭವದ ದರ್ಬಾರನ್ನು ನಡೆಸಿತು. ಅದೇ ಸುಮಾರಿಗೆ ಪರಿಹಾರದ ಕಾಮಗಾರಿಗಳಲ್ಲಿ ದುಡಿಯುವ ಆಳಿನ ದಿನದ ಕೂಲಿಯನ್ನು ಒಂದು ಪೌಂಡು ಧಾನ್ಯ, ಅದರ ಮೇಲೆ ಅಲ್ಪ ಕಾಸಿನಷ್ಟಕ್ಕೆ ಇಳಿಸಿತು. ಕಲ್ಲು ಹೊರುವವನಿಗೆ ಒಂದು ಪೌಂಡು ಧಾನ್ಯ ಯಾವ ಮೂಲೆಗೆ?

ಸರಕಾರ ಹೀಗಿದ್ದಾಗ ಜನರು ಸುಮ್ಮನಿರಲಿಲ್ಲ. 1877ರ ಆಗಸ್ಟ್ ತಿಂಗಳಿನಲ್ಲಿ ಮದರಾಸಿನ ಮಹಾಜನರು ಸಭೆ ಸೇರಿ ಲಂಡನ್ ನಗರದ ಲಾರ್ಡ್ ಮೇಯರರಿಗೆ ತಂತಿ ಕಳುಹಿಸಿದರು. ಅದರ ಫಲವಾಗಿ ಏರ್ಪಟ್ಟ ಮ್ಯಾನ್‌ಷನ್ ಹೌಸ್ ನಿಧಿಯು 6 ಲಕ್ಷ ಪೌಂಡುಗಳನ್ನು ಮೀರಿ ಬೆಳೆಯಿತು. ನಮ್ಮ ನೇಕಾರರ ಮಗ್ಗವನ್ನು ಮೂಲೆಗೊತ್ತಿದ ಗಿರಣಿಗಳ ಊರಾದ ಮ್ಯಾಂಚೆಸ್ಟರಿನವರೂ ಕೊಟ್ಟರು. ಆ ದೇಶದ ಆಳಿಕೆಯ ಮೇಲೆ ನಮ್ಮ ಹಿರಿಯರಿಗೆ ಇದ್ದ ದೂರುಗಳಲ್ಲಿ ಒಂದೂ ಇದರಿಂದ ಮಾಸುವುದಿಲ್ಲ. ಆದರೆ ಆಳುವವರು ಬೇರೆ, ಆ ದೇಶದ ಪ್ರಜೆಗಳು ಬೇರೆ ಎಂಬ ವಿವೇಕವನ್ನು ಈ ಸಂಗತಿ ಕಲಿಸುತ್ತದೆ. ಆಳುವವನ ಪಾಪಕ್ಕೆ ಪ್ರಜೆಯನ್ನು ಹೊಣೆಮಾಡುವುದೂ, ಪ್ರಜೆಯ ಪುಣ್ಯವನ್ನು ಆಳುವವನ ಲೆಕ್ಕಕ್ಕೆ ಜಮಾ ಮಾಡುವುದೂ ಎರಡೂ ತಪ್ಪು.

ಆ ನಿಧಿ ವಿನಿಯೋಗವಾದ ರೀತಿಯೂ ಗಮನಾರ್ಹ. ಮದರಾಸಿನ ಸಮಿತಿಗೆ ಗೌರವ ಕಾರ್ಯದರ್ಶಿಯಾಗಿದ್ದವರು ‘ಮದ್ರಾಸ್ ಟೈಮ್ಸ್’ ಪತ್ರಿಕೆಯ ಸಂಪಾದಕರಾದ ವಿಲಿಯಂ ಡಿಗ್ಬಿ ಎಂಬವರು. ಅವರು 1878ರಲ್ಲಿ ಈ ಕ್ಷಾಮದ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಊರೂರುಗಳಲ್ಲಿ ಸ್ಥಳೀಯ ಸಮಿತಿಗಳು ಏರ್ಪಟ್ಟು ಹಣವನ್ನು ಹಂಚಿದವು. ಗಂಜಿಗೆ ಮಾತ್ರವಲ್ಲ, ಅನಾಥ ಮಕ್ಕಳ ಪೋಷಣೆಗೆ, ಬಿತ್ತನೆಯ ಬೀಜಕ್ಕೆ, ಸತ್ತ ಎತ್ತಿನ ಬದಲು ಎತ್ತಿಗೆ, ಬಿದ್ದ ಗುಡಿಸಲಿನ ಹೊದಿಕೆಗೆ ಆ ಹಣ ಹೋಯಿತು. ಹಸಿದವನಿಗೆ ಇಂದಿನ ಊಟ ಕೊಡುವುದು ಒಂದು ಕೆಲಸ. ನಾಳೆ ಅವನು ತನ್ನ ಊಟವನ್ನು ತಾನೇ ದುಡಿದುಕೊಳ್ಳುವಂತೆ ಮಾಡುವುದು ಇನ್ನೊಂದು ಕೆಲಸ. ಇವೆರಡನ್ನೂ ಅಂದಿನವರು ಅರಿತಿದ್ದರು. ಕೊಟ್ಟವರ ಮುಖವನ್ನು ನಮ್ಮ ಬಯಲುಸೀಮೆಯ ರೈತನು ಕಾಣಲಿಲ್ಲ. ಕೊಟ್ಟವರೂ ಅವನ ಮುಖವನ್ನು ಕಾಣಲಿಲ್ಲ. ಆದರೂ ಬೀಜ ಹೊಲಕ್ಕೆ ಬಿದ್ದಿತು.

ಇದು ಪಡೆದವರ ಪಕ್ಷದ ಕಥೆ. ಕೊಟ್ಟವರ ಪಕ್ಷದಲ್ಲಿ ನಾವು ನಿಂತ ಕಥೆಯೂ ಇದೆ. ಅದು ನಾವಿನ್ನೂ ಪರಾಧೀನರಾಗಿದ್ದ ಕಾಲದ್ದು. 1937ರ ಜುಲೈ ತಿಂಗಳಿನಲ್ಲಿ ಜಪಾನು ಚೀನದ ಮೇಲೆ ದಂಡೆತ್ತಿ ಹೋಯಿತು. ಅದೇ ವರ್ಷದ ಕೊನೆಯಲ್ಲಿ ಚೀನದ ಸೇನಾನಿ ಝು ದೆ ಅವರು ಪಂಡಿತ ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ಸಹಾಯ ಯಾಚಿಸಿದರು. ಗಾಯಗೊಂಡ ಸೈನಿಕರಿಗೆ ವೈದ್ಯರಿಲ್ಲ, ಔಷಧಿಯಿಲ್ಲ ಎಂಬುದು ಆ ಸೈನ್ಯದ ದೊಡ್ಡ ಕೊರತೆಯಾಗಿತ್ತು. ಆಗ ನಮ್ಮ ದೇಶದ ಸ್ಥಿತಿಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬೇಕು. ನಮ್ಮ ಖಜಾನೆ ನಮ್ಮ ಕೈಯಲ್ಲಿರಲಿಲ್ಲ. ನಮ್ಮ ಸೈನ್ಯ ನಮ್ಮ ಮಾತು ಕೇಳುತ್ತಿರಲಿಲ್ಲ. ಪರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟಿಗಾಗಿ ಪರರನ್ನು ಬೇಡಬೇಕಾಗಿತ್ತು. “ಮನೆಗೆ ಮಾರಿ” ಎನ್ನುವ ಗಾದೆಯನ್ನು ಹೇಳಿ ಕೈಕಟ್ಟಿ ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಹಾಗೆ ಕೂರಲಿಲ್ಲ. 1937ರ ಅಕ್ಟೋಬರಿನಲ್ಲಿ ಕಲಕತ್ತೆಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯೂ, 1938ರ ಫೆಬ್ರವರಿಯಲ್ಲಿ ಹರಿಪುರದಲ್ಲಿ ಸೇರಿದ ಕಾಂಗ್ರೆಸ್ ಮಹಾಸಭೆಯೂ ಜಪಾನಿನ ಸರಕನ್ನು ವರ್ಜಿಸುವಂತೆ ಜನರಿಗೆ ಕರೆಕೊಟ್ಟವು. ಇದು ಬಾಯಿಮಾತಿನ ತ್ಯಾಗವಾಗಿರಲಿಲ್ಲ. ಜಪಾನಿನ ಬಟ್ಟೆ ಅಗ್ಗ. ಬಡವನ ಮೈಮೇಲೆ ಅದೇ ಇದ್ದಿತು. ಅಲ್ಲದೆ ಜಪಾನು ನಮ್ಮ ಹತ್ತಿಯ ದೊಡ್ಡ ಗಿರಾಕಿ. 1933ರಲ್ಲಿ ಸುಂಕದ ವಿವಾದದಿಂದ ಆ ದೇಶದ ಗಿರಣಿಗಳು ನಮ್ಮ ಹತ್ತಿಯನ್ನು ಕೊಳ್ಳುವುದನ್ನು ನಿಲ್ಲಿಸಿದಾಗ ಹತ್ತಿ ಬೆಳೆಗಾರನಿಗೆ ಬಿದ್ದ ಪೆಟ್ಟು ಇನ್ನೂ ಹಸಿಯಾಗಿತ್ತು. 1934ರ ಒಪ್ಪಂದದಿಂದ ಆ ವ್ಯಾಪಾರ ಮತ್ತೆ ಕುದುರಿತ್ತು. ಇದೆಲ್ಲವನ್ನೂ ತಿಳಿದೇ ಆ ಕರೆಯನ್ನು ಕೊಡಲಾಯಿತು. ತನಗೆ ನಷ್ಟವಿಲ್ಲದ ಅನುಕಂಪ ಸುಲಭ. ತನ್ನ ಕಿಸೆಗೆ ತಗಲುವ ಅನುಕಂಪಕ್ಕೆ ಮಾತ್ರ ತೂಕವಿರುತ್ತದೆ.

1938ರ ಜೂನ್ 30ರಂದು ಅಂದಿನ ಕಾಂಗ್ರೆಸ್ ಅಧ್ಯಕ್ಷರಾದ ಸುಭಾಷಚಂದ್ರ ಬೋಸರು ಪತ್ರಿಕೆಗಳ ಮೂಲಕ ದೇಶಕ್ಕೆ ವಿಜ್ಞಾಪನೆ ಮಾಡಿದರು. ಜುಲೈ 7ರಿಂದ 9ರವರೆಗೆ ಚೀನಾ ನಿಧಿಯ ದಿನಗಳೆಂದು ಗೊತ್ತುಮಾಡಲಾಯಿತು. ಕೂಡಿಬಂದ ಹಣ ಸುಮಾರು 22,000 ರೂಪಾಯಿ. ಇಷ್ಟು ದೊಡ್ಡ ದೇಶಕ್ಕೆ ಅದು ಅಲ್ಪವೇ ಸರಿ. ಅಂದಿನ ಒಬ್ಬ ಶ್ರೀಮಂತ ವರ್ತಕ ಒಂದೇ ಹುಂಡಿಯಲ್ಲಿ ಬರೆದುಕೊಡಬಹುದಾದಷ್ಟು. ಆದರೆ ಆ ಹಣ ಏತಕ್ಕೆ ಎಂಬುದು ಮೊದಲೇ ನಿಶ್ಚಿತವಾಗಿತ್ತು. ಒಂದು ಆಂಬ್ಯುಲೆನ್ಸ್, ಔಷಧಿಗಳು, ಸ್ವಇಚ್ಛೆಯಿಂದ ಹೊರಡುವ ವೈದ್ಯರು. ಆಯ್ದವರಲ್ಲಿ ಒಬ್ಬರಿಗೆ ಸರಕಾರ ಪಾಸ್‌ಪೋರ್ಟನ್ನು ನಿರಾಕರಿಸಿದಾಗ ಅವರ ಸ್ಥಾನಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳಲಾಯಿತು, ಕಾರ್ಯ ನಿಲ್ಲಲಿಲ್ಲ. 1938ರ ಸೆಪ್ಟೆಂಬರ್ 1ರಂದು ಅಟಲ್, ಚೋಳ್ಕರ್, ಕೋಟ್ನೀಸ್, ಬಸು, ಮುಖರ್ಜಿ ಎಂಬ ಐವರು ವೈದ್ಯರು ಮುಂಬಯಿಯಿಂದ ಹಡಗು ಹತ್ತಿದರು. ವಿಜ್ಞಾಪನೆ ಹೊರಟಂದಿನಿಂದ ಹಡಗು ಹೊರಟಂದಿಗೆ ಎಣಿಸಿದರೆ ಅರವತ್ತಮೂರೇ ದಿನ. ನಮ್ಮ ಇಂದಿನ ಸಮಿತಿಗಳು ಅಷ್ಟು ದಿನಗಳಲ್ಲಿ ಉಪಸಮಿತಿಯೊಂದನ್ನು ನೇಮಿಸಿದರೆ ದೊಡ್ಡದು.

ಆ ಐವರಲ್ಲಿ ತಂಡದ ನಾಯಕರಾದ ಡಾಕ್ಟರ್ ಅಟಲರು ಅದಕ್ಕೆ ಮುಂಚೆ ಸ್ಪೇನ್ ದೇಶದ ಅಂತರ್ಯುದ್ಧದಲ್ಲಿಯೂ ಗಾಯಾಳುಗಳ ಶುಶ್ರೂಷೆ ಮಾಡಿದ್ದವರು. ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು ನಮ್ಮ ನೆರೆಯ ಸೊಲ್ಲಾಪುರದವರು. ಕನ್ನಡವೂ ಮರಾಠಿಯೂ ಒಂದೇ ಓಣಿಯಲ್ಲಿ ಕೇಳಿಬರುವ ಊರು ಅದು. ಕೆರೆ ಕಟ್ಟಿಸುವುದನ್ನೇ ಪೂಜೆಯೆಂದು ನಡೆದ ಶಿವಯೋಗಿ ಸಿದ್ಧರಾಮನ ಸೊನ್ನಲಿಗೆಯೇ ಅದು. 1930ರ ಮೇ ತಿಂಗಳಿನಲ್ಲಿ ಆ ಊರಿನ ಮೇಲೆ ಸೈನಿಕ ಕಾಯಿದೆ ಹೇರಲ್ಪಟ್ಟಿತು. 1931ರ ಜನವರಿ 12ರಂದು ಆ ಊರಿನ ನಾಲ್ವರು ಗಲ್ಲಿಗೇರಿದರು. ತನ್ನ ಗಾಯವೇ ಮಾಯದ ಊರಿನಿಂದ ಏಳು ವರ್ಷಗಳಲ್ಲಿಯೇ ಪರರ ಗಾಯಕ್ಕೆ ಕಟ್ಟು ಕಟ್ಟಲು ಒಬ್ಬ ತರುಣ ಹೊರಟನು. ಮನೆಯ ಕಷ್ಟ ತೀರಿದ ಮೇಲೆಯೇ ನೆರೆಯವರ ಕಷ್ಟ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಕೋಟ್ನೀಸರು 1939ರ ಫೆಬ್ರವರಿಯಲ್ಲಿ ಯೆನಾನಿಗೆ ತಲುಪಿ, ಅಲ್ಲಿಂದ ಉತ್ತರ ಚೀನದ ಯುದ್ಧರಂಗಕ್ಕೆ ಹೋದರು. ಚೀನದಲ್ಲಿರುವಾಗಲೇ ತಂದೆ ತೀರಿಕೊಂಡ ವಾರ್ತೆ ಬಂದಿತು, ಅವರು ಹಿಂದಿರುಗಲಿಲ್ಲ. 1940ರಲ್ಲಿ ಒಂದು ಕಾಳಗದ ಸಮಯದಲ್ಲಿ 72 ಗಂಟೆಗಳ ಕಾಲ ಎಡೆಬಿಡದೆ ಶಸ್ತ್ರಚಿಕಿತ್ಸೆ ನಡೆಸಿದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. 1939ರಲ್ಲಿ ಅಲ್ಲಿಯೇ ಸೇವೆಮಾಡುತ್ತ ಮೃತರಾದ ಕೆನಡಾ ದೇಶದ ವೈದ್ಯ ನಾರ್ಮನ್ ಬೆಥೂನರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಅವರು ನಿರ್ದೇಶಕರಾದರು. ಆ ಭಾಷೆಯನ್ನು ಕಲಿತರು. ಆಸ್ಪತ್ರೆಯ ದಾದಿಯೊಬ್ಬರನ್ನು ಮದುವೆಯಾದರು. ಒಬ್ಬ ಮಗನನ್ನು ಪಡೆದರು. 1942ರ ಡಿಸೆಂಬರ್ 9ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಅಪಸ್ಮಾರ ರೋಗದಿಂದ ಅಲ್ಲಿಯೇ ತೀರಿಕೊಂಡರು. ಉಳಿದ ನಾಲ್ವರು ಹಿಂದಿರುಗಿದರು, ಅವರೊಬ್ಬರೇ ಹಿಂದಿರುಗಲಿಲ್ಲ. 1938ರ ಜುಲೈ ತಿಂಗಳಿನಲ್ಲಿ ಯಾವನೋ ಒಬ್ಬ ಗುಮಾಸ್ತನು ಡಬ್ಬಿಗೆ ಹಾಕಿದ ನಾಲ್ಕಾಣೆ ಎಲ್ಲಿಗೆ ಹೋಯಿತೆಂದು ಕೇಳುವುದಾದರೆ, ಆ ಶಸ್ತ್ರಚಿಕಿತ್ಸೆಯ ಮೇಜಿನ ಬಳಿಗೆ ಹೋಯಿತು.

ಇಲ್ಲಿ ಇನ್ನೊಂದು ಆಕ್ಷೇಪಣೆ ಬರುವುದು ಸಹಜ. “ಅಷ್ಟೆಲ್ಲ ಮಾಡಿ ಆದುದೇನು? 1962ರಲ್ಲಿ ಆ ದೇಶವೇ ನಮ್ಮ ಮೇಲೆ ದಂಡೆತ್ತಿ ಬರಲಿಲ್ಲವೇ?” ಬಂದಿತು, ಆ ಯುದ್ಧದಲ್ಲಿ ನಮ್ಮ ವೀರರು ಹಿಮದಲ್ಲಿ ಮಡಿದರು, ಗಡಿಯ ವಿವಾದ ಅದರಿಂದ ಬಗೆಹರಿಯಲೂ ಇಲ್ಲ. ಆದರೆ ಪರೋಪಕಾರವನ್ನು ಪ್ರತಿಫಲದ ಬಡ್ಡಿ ಲೆಕ್ಕದಲ್ಲಿ ಅಳೆಯುವುದಾದರೆ ಅದು ಸಾಹುಕಾರಿಕೆಯಾಗುತ್ತದೆಯೇ ಹೊರತು ಉಪಕಾರವಾಗುವುದಿಲ್ಲ. ಕೋಟ್ನೀಸರು ಕಟ್ಟು ಕಟ್ಟಿದುದು ಒಂದು ಸರಕಾರದ ಗಾಯಕ್ಕಲ್ಲ, ಮನುಷ್ಯರ ಗಾಯಕ್ಕೆ. ಯುದ್ಧವಾಗಿ ಹದಿನಾಲ್ಕು ವರ್ಷಗಳಾದ ಮೇಲೆ, 1976ರಲ್ಲಿ, ಉತ್ತರ ಚೀನದ ಶಿಜಿಯಾಝುವಾಂಗ್ ನಗರದಲ್ಲಿ ಅವರ ಸ್ಮಾರಕ ಮಂದಿರವನ್ನು ನಿರ್ಮಿಸಲಾಯಿತು. ಎರಡು ಸರಕಾರಗಳು ಮುಖ ತಿರುಗಿಸಿ ಕುಳಿತ ಕಾಲದಲ್ಲಿಯೂ ಆ ಹೆಸರು ಅಳಿಯಲಿಲ್ಲ. ಆಳುವವರ ನಡುವೆ ಮುರಿದುಬಿದ್ದುದು ಜನರ ನಡುವೆ ಉಳಿದಿರಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಒಂದು ಸಾಮಾನ್ಯ ತಾಲ್ಲೂಕು ಪಟ್ಟಣವು ಇಂಥ ಕಾರ್ಯವನ್ನು ಕೈಕೊಳ್ಳಬೇಕಾದರೆ ಹೇಗೆ ಕೈಕೊಳ್ಳಬೇಕು? 1877ರ ಮತ್ತು 1938ರ ನಿದರ್ಶನಗಳಿಂದ ಕೆಲವು ಸೂತ್ರಗಳು ಹೊರಡುತ್ತವೆ.

ಮೊದಲನೆಯದು, ಉದ್ದೇಶ ನಿಶ್ಚಿತವಾಗಿರಬೇಕು. “ಸುಡಾನಿನ ಸಂತ್ರಸ್ತರಿಗೆ ನೆರವು” ಎಂದರೆ ಯಾರ ಮನಸ್ಸಿಗೂ ಹಿಡಿಯದು. ಇಂತಿಷ್ಟು ಮಕ್ಕಳಿಗೆ ಇಂತಿಷ್ಟು ದಿನದ ಊಟ, ಇಂತಿಷ್ಟು ಕುಟುಂಬಗಳಿಗೆ ಔಷಧಿ ಎಂದು ಗೊತ್ತುಮಾಡಿದರೆ ಕೊಡುವವನಿಗೆ ತನ್ನ ಹಣದ ದಾರಿ ಕಾಣುತ್ತದೆ. ಸುಡಾನಿನಲ್ಲಿ ಅಲ್ಲಿಯ ತರುಣರೇ ಸೇರಿ ತುರ್ತುಸೇವಾ ಮಂಡಲಿಗಳನ್ನು ಕಟ್ಟಿಕೊಂಡು, ಗುಂಡು ಬೀಳುವ ಬೀದಿಗಳಲ್ಲಿಯೇ ಸಾಮೂಹಿಕ ಅಡಿಗೆಮನೆಗಳನ್ನು ನಡೆಸಿದರು. ಹೊರಗಿನವರ ಲಾರಿಗಳು ಹೋಗಲಾಗದ ಎಡೆಗಳಲ್ಲಿ ನೆರೆಯವರೇ ನೆರೆಯವರಿಗೆ ಉಣಬಡಿಸಿದರು. 2025ರಲ್ಲಿ ಸ್ವೀಡನ್ನಿನ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಆ ಮಂಡಲಿಗಳಿಗೆ ದೊರೆಯಿತು. ಧಾತು ಈಶ್ವರದ ಗಂಜಿಕೇಂದ್ರಗಳನ್ನು ಕಂಡ ನಾಡಿನವರಿಗೆ ಆ ಅಡಿಗೆಮನೆಯ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಒಂದು ಊರು ಅಂಥ ಒಂದು ಒಲೆಯನ್ನು ಇಷ್ಟು ದಿನ ಉರಿಸುವೆನೆಂದು ಸಂಕಲ್ಪಿಸಲಿ.

ಎರಡನೆಯದು, ಸಮಿತಿ ಚಿಕ್ಕದಾಗಿರಬೇಕು. ಮೂವತ್ತು ಜನರ ಸಮಿತಿಯಲ್ಲಿ ಹೆಸರು ಮೂವತ್ತು, ಕೆಲಸ ಸೊನ್ನೆ. ಐವರು ಸಾಕು, ಅವರಲ್ಲಿ ಒಬ್ಬರು ಲೆಕ್ಕ ಬಲ್ಲವರು, ಒಬ್ಬರು ಉಪಾಧ್ಯಾಯರು, ಒಬ್ಬರು ವರ್ತಕರು, ಇಬ್ಬರು ಸ್ತ್ರೀಯರು. ಮನೆಯ ಒಳಬಾಗಿಲನ್ನು ತಟ್ಟಬಲ್ಲವರು ಸ್ತ್ರೀಯರೇ. ತಿಂಗಳ ಖರ್ಚಿನಲ್ಲಿ ಏನನ್ನು ಉಳಿಸಬಹುದೆಂಬುದನ್ನು ಬಲ್ಲವರೂ ಅವರೇ. ಸಮಿತಿಯಲ್ಲಿ ಒಂದೇ ಜಾತಿಯ, ಒಂದೇ ಮತದ, ಒಂದೇ ಪಕ್ಷದ ಜನ ತುಂಬಿಕೊಳ್ಳದಂತೆ ಎಚ್ಚರ ವಹಿಸತಕ್ಕದ್ದು. ಹಸಿದವನ ಮತ ಯಾವುದೆಂದು ಕೇಳುವವರು ಆ ಸಮಿತಿಗೆ ಬೇಕಾಗಿಲ್ಲ.

ಮೂರನೆಯದು, ಸಣ್ಣ ಹಣಕ್ಕೆ ದೊಡ್ಡ ಗೌರವ ಸಲ್ಲಬೇಕು. ತೆನೆ ತೆನೆ ಕೂಡಿದರೆ ಬಳ್ಳ, ಹನಿ ಹನಿ ಕೂಡಿದರೆ ಹಳ್ಳ ಎಂಬುದು ನಮ್ಮವರ ಅನುಭವ. ಒಬ್ಬ ಧನಿಕನಿಂದ ಲಕ್ಷ ಪಡೆದರೆ ಹಣ ಬಂದೀತು, ಊರು ಬರದು. ಸಾವಿರ ಮನೆಗಳಿಂದ ತಿಂಗಳಿಗೆ ಐವತ್ತು ರೂಪಾಯಿಯಂತೆ ಬಂದರೆ ತಿಂಗಳಿಗೆ ಐವತ್ತು ಸಾವಿರ. ವರ್ಷಕ್ಕೆ ಆರು ಲಕ್ಷ. ಅದಕ್ಕಿಂತ ಹೆಚ್ಚಾಗಿ ಸಾವಿರ ಮನೆಗಳಲ್ಲಿ ಒಂದು ದೂರದ ಊರಿನ ಹೆಸರು ತಿಂಗಳಿಗೊಮ್ಮೆ ಉಚ್ಚರಿಸಲ್ಪಡುತ್ತದೆ. ಮರೆವೇ ಸಂತ್ರಸ್ತರ ಎರಡನೆಯ ಶತ್ರು. ಪತ್ರಿಕೆಗಳು ಬೇರೆ ಸುದ್ದಿಗೆ ಹೊರಳಿದ ಮೇಲೆಯೇ ನಿಜವಾದ ಹಸಿವು ಆರಂಭವಾಗುವುದು. ಆ ಹೊತ್ತಿಗೆ ಸಭೆಯ ಶಾಮಿಯಾನವನ್ನು ಕಳಚಿ ಆಗಿರುತ್ತದೆ.

ನಾಲ್ಕನೆಯದು, ಸರಕನ್ನಲ್ಲ, ಹಣವನ್ನು ಕೂಡಿಸಬೇಕು. ಮನೆಯಲ್ಲಿ ಬೇಡವಾದ ಹಳೆಯ ಬಟ್ಟೆಯನ್ನು ಗಂಟು ಕಟ್ಟಿ ಕೊಡುವುದು ದಾನವಲ್ಲ, ಮನೆ ಗುಡಿಸುವುದು. ಅಂಥ ಗಂಟುಗಳನ್ನು ಸಮುದ್ರ ದಾಟಿಸುವ ಬಾಡಿಗೆಯಲ್ಲಿ ಅವುಗಳ ಹತ್ತರಷ್ಟು ಧಾನ್ಯವನ್ನು ಅಲ್ಲಿಯ ಸಮೀಪದ ಸಂತೆಯಲ್ಲಿಯೇ ಕೊಳ್ಳಬಹುದಾಗಿರುತ್ತದೆ. ಹೊರದೇಶಕ್ಕೆ ಹಣ ಕಳುಹಿಸುವುದಕ್ಕೆ ಕಾಯಿದೆಯ ಕಟ್ಟುಗಳಿವೆ. ಬ್ಯಾಂಕಿನವರನ್ನೂ ಲೆಕ್ಕಪರಿಶೋಧಕರನ್ನೂ ಮೊದಲೇ ವಿಚಾರಿಸಿ, ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮ, ರೆಡ್‌ಕ್ರಾಸ್ ಮೊದಲಾದ ಪರಿಚಿತ ಸಂಸ್ಥೆಗಳ ಮೂಲಕವೇ ಹಣವನ್ನು ಮುಟ್ಟಿಸತಕ್ಕದ್ದು. ಕೈಯಲ್ಲಿನ ದೂರವಾಣಿಗೆ ಬರುವ ಪ್ರತಿಯೊಂದು ಕಣ್ಣೀರಿನ ಚಿತ್ರವನ್ನೂ ನಂಬಿ ಹಣ ಕಳುಹಿಸುವುದು ಔದಾರ್ಯವಲ್ಲ, ಅವಿವೇಕ. ವಂಚಕರು ಒಬ್ಬನನ್ನು ಒಮ್ಮೆ ಮೋಸಗೊಳಿಸಿದರೆ ಆತನು ಹತ್ತು ನಿಜವಾದ ಮೊರೆಗಳಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ.

ಐದನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ಲೆಕ್ಕ. ನಮ್ಮ ನಾಡಿನಲ್ಲಿ ಸತ್ಕಾರ್ಯಗಳು ಕೆಟ್ಟುದು ದಯೆಯ ಅಭಾವದಿಂದಲ್ಲ, ರಸೀದಿಯ ಅಭಾವದಿಂದ. ಬಂದ ಹಣವೆಷ್ಟು, ಕೊಟ್ಟವರು ಯಾರು, ಕಳುಹಿಸಿದುದೆಷ್ಟು, ಯಾರಿಗೆ, ಕೈಯಲ್ಲಿ ಉಳಿದುದೆಷ್ಟು ಎಂಬುದನ್ನು ತಿಂಗಳಿಗೊಮ್ಮೆ ಪುರಸಭೆಯ ಫಲಕದ ಮೇಲೆ ಅಂಟಿಸತಕ್ಕದ್ದು. ಹತ್ತು ರೂಪಾಯಿ ಕೊಟ್ಟ ಹಮಾಲನ ಹೆಸರು ಹತ್ತು ಸಾವಿರ ಕೊಟ್ಟ ವರ್ತಕನ ಹೆಸರಿನ ಸಾಲಿನಲ್ಲಿಯೇ, ಅಷ್ಟೇ ದಪ್ಪ ಅಕ್ಷರದಲ್ಲಿ ಬರಬೇಕು. ಸಭೆಯ ಹಾರತುರಾಯಿಗೆ, ಚಹಾ ಫಲಾಹಾರಕ್ಕೆ ಆ ನಿಧಿಯಿಂದ ಒಂದು ಕಾಸನ್ನೂ ಮುಟ್ಟಕೂಡದು.

ಅಧಿಕಾರಿ ವರ್ಗದ ವಾಚಕರಲ್ಲಿ ಒಂದು ವಿಶೇಷ ವಿಜ್ಞಾಪನೆ. ನಿಮ್ಮ ಸಹಾಯವಿಲ್ಲದೆ ಪಟ್ಟಣದಲ್ಲಿ ಯಾವ ಕಾರ್ಯವೂ ಸಾಂಗವಾಗಿ ನಡೆಯುವುದಿಲ್ಲವೆಂಬುದು ದಿಟ. ಆದರೆ ಕಚೇರಿಯಲ್ಲಿ ಪಟ್ಟಿಯನ್ನು ತಿರುಗಿಸಿ, ಮೇಲಿನವರ ಹೆಸರಿನ ಮುಂದಣ ಅಂಕಿಯನ್ನು ನೋಡಿ ಕೆಳಗಿನವನು ಬೆವರುತ್ತ ತನ್ನ ಅಂಕಿಯನ್ನು ಬರೆಯುವಂತೆ ಮಾಡಬೇಡಿ. ಶಾಲೆಯ ಮಗುವಿನಿಂದ ಬಲವಂತವಾಗಿ ವಸೂಲು ಮಾಡಿದ ಐದು ರೂಪಾಯಿ ಆ ಮಗುವಿಗೆ ಪರೋಪಕಾರವನ್ನು ಕಲಿಸುವುದಿಲ್ಲ, ಕರಭಾರವನ್ನು ಕಲಿಸುತ್ತದೆ. ಅದರ ಬದಲು ಆ ಮಗುವಿಗೆ ಭೂಪಟದಲ್ಲಿ ಎಲ್ ಫಾಶೇರ್ ಎಲ್ಲಿದೆಯೆಂದು ತೋರಿಸಿ, ಅಲ್ಲಿಗೆ ನಮ್ಮವರು ಏಕೆ ಹೋಗಿದ್ದರೆಂಬುದನ್ನು ಹೇಳಲಿ. ಹುಣಸೂರಿನ ಹಕ್ಕಿಪಿಕ್ಕಿಯವನು ಕಾಲಿಟ್ಟ ನೆಲ ನಮಗೆ ಪರಕೀಯವಲ್ಲವೆಂಬುದನ್ನು ಮಗುವೇ ಅರಿತುಕೊಂಡೀತು.

ಸಭೆಗಳನ್ನು ನಾವು ಬೇಡವೆನ್ನುವುದಿಲ್ಲ. ಸಭೆ ಸೇರಲಿ, ಠರಾವೂ ಆಗಲಿ; ಆದರೆ ಠರಾವಿನ ಕೆಳಗೆ ಉದ್ದೇಶ, ಸಮಿತಿಯ ಐವರ ಹೆಸರು, ಮೊದಲ ತಿಂಗಳ ವಂತಿಗೆಯ ಮೊತ್ತ, ಮುಂದಿನ ಲೆಕ್ಕ ಪ್ರಕಟವಾಗುವ ತಾರೀಖು ಇವು ನಾಲ್ಕೂ ಇಲ್ಲದಿದ್ದರೆ ಅದನ್ನು ಈ ಪತ್ರಿಕೆಯಲ್ಲಿ ನಾವು ಸುದ್ದಿಯೆಂದು ಅಚ್ಚುಹಾಕುವುದಿಲ್ಲ. ಇವು ನಾಲ್ಕೂ ಇದ್ದ ಯಾವ ಊರಿನ ಲೆಕ್ಕವನ್ನಾದರೂ ಪ್ರತಿ ತಿಂಗಳ ಮೊದಲನೆಯ ಭಾನುವಾರ ಈ ಪುಟದಲ್ಲಿಯೇ ಶುಲ್ಕವಿಲ್ಲದೆ ಪ್ರಕಟಿಸುವೆವು. ಮೊದಲನೆಯ ಪಟ್ಟಿಯಲ್ಲಿ ನಮ್ಮ ಅಚ್ಚುಕೂಟದ ಮೊಳೆ ಜೋಡಿಸುವವರಿಂದ ಮೊದಲುಮಾಡಿ ಸಂಪಾದಕರವರೆಗೆ ಸ್ವಇಚ್ಛೆಯಿಂದ ಕೊಟ್ಟವರೆಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಇರುವುದು. ಯಾವ ಊರಿನ ಪಟ್ಟಿ ಮೊದಲು ಬರುವುದೆಂಬುದನ್ನು ನಾವು ನಿರೀಕ್ಷಿಸುತ್ತಿದ್ದೇವೆ.